ಒಳಗೆ ಬಿಟ್ಟ ಬಟ್ಟೆ

ಇಪ್ಪತ್ತೆಂಟು ವರ್ಷ ಈ ಬೆರಳುಗಳಿಗೆ
ಸೂಜಿ ತಾನಾಗಿ ಬಂದು ಚುಚ್ಚಿದೆ,
ಕೇಳದೆ, ಹೇಳದೆ, ಮದುವೆ ಸೀಸನ್ನಿನ ಅರ್ಧರಾತ್ರಿಗಳಲ್ಲಿ.
ಬಾಯಲ್ಲಿಟ್ಟು ಚೀಪಿ ಮತ್ತೆ ಪೆಡಲ್ ತುಳಿದಿದ್ದೇನೆ.
ಈಗ ನಾನೇ ಚುಚ್ಚಿಕೊಳ್ಳಬೇಕಾದರೆ
ಕಣ್ಣು ಮುಚ್ಚುತ್ತೇನೆ.

ಬೆಳಿಗ್ಗೆ ಐದೂಮುಕ್ಕಾಲು. ಉರ್ವಸ್ಟೋರಿನ ಕಡೆಯಿಂದ
ಮೊದಲ ಸಿಟಿ ಬಸ್ಸು ಇನ್ನೂ ಹಾರನ್ ಹೊಡೆದಿಲ್ಲ.
ಗಂಡ ದಕ್ಕೆಗೆ ಹೋಗಿ ಆಗಿದೆ.
ಅವರಿಗೆ ಗೊತ್ತಿಲ್ಲ, ಗುಂಡಿಗಳ ಡಬ್ಬಿಯ ತಳದಲ್ಲಿ
ಈ ಯಂತ್ರ ಉಂಟೆಂದು.

ಮೆಡಿಕಲಿನ ಹುಡುಗ ಹೇಳಿಕೊಟ್ಟಿದ್ದ:
ತುದಿಗೆ ಬೇಡ, ಬೆರಳಿನ ಪಕ್ಕಕ್ಕೆ. ನೋವು ಕಮ್ಮಿ.
ಎಡಗೈಯ ಉಂಗುರದ ಬೆರಳು ಆರಿಸಿಕೊಂಡೆ,
ಕತ್ತರಿಗೆ ಬೇಡದ್ದು.
ಚರ್ಮ ದಪ್ಪ. ಎರಡರಲ್ಲಿಟ್ಟರೆ ರಕ್ತವೇ ಇಲ್ಲ,
ಮೂರರಲ್ಲಿಲ್ಲ,
ಐದಕ್ಕೆ ತಿರುಗಿಸಿದ ಮೇಲೆ
ಒಂದು ಮಣಿ ಬಂತು, ಮದುಮಗಳ ರವಿಕೆಯ ತೋಳಿಗೆ
ಸಾಲಾಗಿ ಹೊಲಿಯುವಂಥದ್ದು.

ಒಂದು ಪಟ್ಟಿಗೆ ಇಪ್ಪತ್ತೆರಡು ರೂಪಾಯಿ.
ಲೆಕ್ಕ ಹಾಕಿದೆ: ನಾಲ್ಕು ಹನಿಗೆ ಒಂದು ಸೀರೆಯ ಫಾಲ್.

ಐದು ಸೆಕೆಂಡು ಕಾಯಬೇಕು.
ಅಷ್ಟರಲ್ಲಿ ಅಮ್ಮ ನಡೆದು ಬರುತ್ತಾಳೆ,
ಎಡಗಾಲಿನ ಚಪ್ಪಲಿ ಜಾರಿ ಜಾರಿ ಹೋಗುತ್ತ,
ಹಿಡಿಯಲು ಹೆಬ್ಬೆರಳಿಲ್ಲದೆ.
ಕೊನೆಗೆ ನಾನೇ ಅದರ ಹಿಮ್ಮಡಿಗೆ
ಒಂದು ಪಟ್ಟಿ ಹೊಲಿದುಕೊಟ್ಟಿದ್ದೆ.
ಚಂದ ಆಯ್ತು ಅಂದಿದ್ದಳು.

ನೂರ ಹನ್ನೆರಡು.

ಡಾಕ್ಟರಮ್ಮ ಹೇಳಿದ್ದರು: ಕಾಯಿಲೆ ಅಲ್ಲ, ಗಡಿಯಲ್ಲಿ ಉಂಟು.
ಗಡಿಯೆಂದರೆ ಎಂತ?
ಸೀರೆಗಾದರೆ ಅಂಚು ತೋರಿಸಬಹುದು,
ಇಲ್ಲಿಂದ ಜರಿ, ಇಲ್ಲಿಗೆ ಮುಗಿಯಿತು ಎಂದು.
ಒಂದು ಸೌಟು ಕುಚ್ಚಲಕ್ಕಿ ಗಂಜಿ ಆಚೆಯೋ, ಈಚೆಯೋ?
ಫ್ಲೇವಿಯಾ ಬಾಯಿ ಕ್ರಿಸ್ಮಸ್ಸಿಗೆ ತಂದ ಕುಸ್ವಾರಿನಲ್ಲಿ
ಒಂದೇ ಒಂದು ನೆವ್ರಿ ತಿಂದು
ಎರಡು ಗಂಟೆ ಗಡಿಯಾರ ನೋಡುತ್ತ ಕೂತೆ, ಕಳ್ಳಿಯ ಹಾಗೆ.
ನೂರ ಅರವತ್ತೊಂದು.
ಮಾರಾಯ್ತಿ, ಆ ಎಳ್ಳು ಕಾಯಿಯ ಹೂರಣ
ಎಷ್ಟು ರುಚಿಯಿತ್ತೆಂದು ಬರೆಯಲು
ಯಂತ್ರದಲ್ಲಿ ಜಾಗವಿಲ್ಲ.

ಒಂದು ದಿನ ತೊಂಬತ್ತಾರು ತೋರಿಸಿತು. ನಂಬಲಿಲ್ಲ.
ಇನ್ನೊಂದು ಬೆರಳು, ಇನ್ನೊಂದು ಇಪ್ಪತ್ತೆರಡು ರೂಪಾಯಿ:
ನೂರ ಏಳು.
ಒಂದೇ ಮೈ. ಒಂದೇ ನಿಮಿಷ.
ಹಳೆಯ ಟೇಪು ಎಳೆದೆಳೆದು ಉದ್ದವಾಗುತ್ತದೆ,
ಮೂವತ್ತಾರನ್ನು ಮೂವತ್ತೈದೂವರೆ ಅನ್ನುತ್ತದೆ.
ಅದಕ್ಕೇ ವರ್ಷಕ್ಕೊಮ್ಮೆ ಕಬ್ಬಿಣದ ಸ್ಕೇಲಿನ ಮೇಲಿಟ್ಟು ನೋಡುತ್ತೇನೆ.
ಇದನ್ನು ಯಾವುದರ ಮೇಲಿಟ್ಟು ನೋಡಲಿ?

ಈ ಬೀದಿಯ ಹೆಂಗಸರ ಅಳತೆಯೆಲ್ಲ ನನ್ನ ಬಾಯಲ್ಲಿ.
ಎದೆ ಮೂವತ್ತೆಂಟು, ತೋಳು ಹನ್ನೆರಡೂವರೆ,
ಗಟ್ಟಿಯಾಗಿ ಕೂಗುತ್ತಿದ್ದೆ, ಹುಡುಗಿ ಬರೆದುಕೊಳ್ಳಲೆಂದು.
ಅವರು ಸ್ವರ ತಗ್ಗಿಸಿ, "ಒಳಗೆ ಸ್ವಲ್ಪ ಬಟ್ಟೆ ಬಿಡಿ ಅಕ್ಕಾ,
ಮುಂದೆ ಬೇಕಾದರೆ ಬಿಚ್ಚಬಹುದು" ಅನ್ನುತ್ತಿದ್ದರು.
ಈಗ ನಾನೂ ಮೆಲ್ಲಗೆ ಹೇಳುತ್ತೇನೆ.

ನನ್ನದನ್ನು ಆರ್ಡರ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟೆ.
ತಾರೀಕು, ಅಂಕೆ. ಹೆಸರಿಲ್ಲ.
ಕಾಜ ಹಾಕುವ ಸಫೂರಾ ನಿನ್ನೆ ಪುಟ ತಿರುಗಿಸಿ ಕೂಗಿದಳು:
"ಜಲಜಕ್ಕಾ, ನೂರ ಹನ್ನೆರಡು! ಇದು ಯಾವ ಆನೆಯ ಸೊಂಟ?"

ಮಿಷನ್ ನಿಂತಿತು. ನಕ್ಕೆ.
ನಗು ಕಣ್ಣಿಗೆ ಬಂದ ಮೇಲೂ ನಿಲ್ಲಲಿಲ್ಲ.
ಆಮೇಲೆ ಹೇಳಿದೆ.
ಅವಳು ಏನೂ ಅನ್ನದೆ ನನ್ನ ಎಡಗೈ ಎಳೆದು
ಟ್ಯೂಬ್‌ಲೈಟಿನ ಕೆಳಗೆ ಹಿಡಿದಳು,
ಬಿಟ್ಟುಹೋದ ಹೊಲಿಗೆ ಹುಡುಕುವ ಹಾಗೆ.
"ಸೂಜಿಯದ್ದು ಯಾವುದು, ಅದರದ್ದು ಯಾವುದು?"
ನನಗೂ ಗೊತ್ತಾಗಲಿಲ್ಲ.

ಇವತ್ತು ಐದಕ್ಕೇ ಶಟರ್ ಎಳೆಸಿದಳು.
ಲೇಡಿಹಿಲ್ ತನಕ ನಡೆದೆವು, ಬಸ್ಸುಗಳ ಹೊಗೆಯಲ್ಲಿ.
ಅವಳದು ದಾರಿಯುದ್ದ ಮಾತು, ನನಗೆ ಉಬ್ಬಸ.
ಏರಿನಲ್ಲಿ ನಿಂತು ಕೆಳಗೆ ನೋಡಿದೆ:
ಬೆವರಿದ ಎರಡೂ ಹೆಬ್ಬೆರಳು
ಚಪ್ಪಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು.